ಅಕ್ಕಿ ಚೀಲದ ಹಿಂದೆ ಅಡಗುವವರ ಡಾಕ್ಟರ್

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಹೆಂಡರ್ಸನ್ ಬಡಾವಣೆಯ ಮನೆಯೊಂದರಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅಡುಗೆಕಟ್ಟೆಯ ಮೇಲೊಂದು ಐಸ್‌ಕ್ರೀಮ್ ಡಬ್ಬಿ, ಅದರೊಳಗೆ ಕುರಿಯ ಕಿಡ್ನಿ, ಕಿಡ್ನಿಯೊಳಗೆ ಅಂಗಳದಿಂದ ಆರಿಸಿ ತಂದ ಪುಟ್ಟ ಕಲ್ಲು. ಡಾ. ಮೆಹ್ನಾಜ್ ಮುಚ್ಚಳ ಹಾಕಿ, ಪಕ್ಕದ ತೂತಿನಿಂದ ಕಿಡ್ನಿಯೊಳಗೆ ಇಣುಕುವ ಹಳೆಯ ಕೊಳವೆ ದುರ್ಬೀನನ್ನು ಒಳಗೆ ಬಿಟ್ಟು, ಲ್ಯಾಪ್‌ಟಾಪ್ ಪರದೆಯಲ್ಲಿ ಆ ಕಲ್ಲನ್ನು ಹುಡುಕುತ್ತಿದ್ದಾರೆ. ಗಂಡ ವಸೀಮ್ ಚಹಾ ತಂದಿಟ್ಟು, ಮೆಹ್ನಾಜ್ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗುತ್ತಾರೆ.

"ಕಲ್ಲು ಇಡಾಕಿನೂ ಇಕಿನಽ, ತಗಿಯಾಕಿನೂ ಇಕಿನಽ. ನಡುವ ನನ್ನ ನಾಷ್ಟಾ ಮಾಡೋ ಜಾಗಾ ಹೋತು ನೋಡ್ರಿ!"

ಗದಗಿನ ಮೆಹ್ನಾಜ್ ಆಕ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೂತ್ರಾಂಗಗಳ ಸರ್ಜನ್. ಹಿಂದೆಲ್ಲ ದೊಡ್ಡ ಕಲ್ಲೆಂದರೆ ಪಕ್ಕೆಯನ್ನೇ ಕೊಯ್ಯುತ್ತಿದ್ದರು. ಆಮೇಲೆ ಬೆನ್ನಿನಲ್ಲಿ ಬೆರಳು ದಪ್ಪದ ತೂತು ಬಂತು; ಕೆಲವರಿಗೆ ಎರಡು, ಮೂರು. ಜ್ಯೂಸ್ ಸ್ಟ್ರಾದಷ್ಟು ಸಣ್ಣ ಒಂದೇ ತೂತಿನಿಂದ, ಯಾವ ಓರೆಯಲ್ಲಿ ಹೋದರೆ ಮೂಲೆಮೂಲೆಯ ಕಲ್ಲೂ ಕೈಗೆ ಸಿಗುತ್ತದೆ? ಅದನ್ನು ವರ್ಷಗಟ್ಟಲೆ ಪರೀಕ್ಷಿಸಿ, ಸಂಶೋಧನಾ ಪತ್ರಿಕೆಗಳಿಗೆ ಬರೆದು, ಎಷ್ಟೋ ಎಳೆಯ ಸರ್ಜನ್‌ಗಳಿಗೆ ಕಲಿಸಿದವರು ಇವರು. "ತೂತು ನಾ ಕಂಡುಹಿಡದಿಲ್ರಿ. ಸಣ್ಣದು ಮಾಡೇನಿ, ಅಷ್ಟಽ."

ಮತ್ತೆ ನಮ್ಮವರ ಬಾಯಲ್ಲಿ ಇವರ ಹೆಸರೇಕಿಲ್ಲ? ಕೇಳಿದರೆ ನಕ್ಕುಬಿಡುತ್ತಾರೆ.

"ಹಾರ್ಟ್ ಆಪರೇಷನ್ ಮಾಡಿದವ್ರಿಗೆ ಮದುವ್ಯಾಗ ಶಾಲು ಹೊಚ್ಚತಾರ. ನನ್ನ ಪೇಶಂಟ್‌ಗಳು ಸ್ಯಾಂಡ್ರಿಂಗಮ್ ಏರಿಯಾದ ಇಂಡಿಯನ್ ಅಂಗಡ್ಯಾಗ ನನ್ನ ಕಂಡ್ರ ಅಕ್ಕಿ ಚೀಲದ ಹಿಂದ ಅಡಗತಾರ. ಉಚ್ಚಿ ಡಾಕ್ಟರ್ ಜೋಡಿ ಮಾತಾಡಿದ್ರ ಎಲ್ಲಾರಿಗೂ ಗೊತ್ತಾಗ್ತದಲ್ರಿ!" ನಗು ನಿಲ್ಲುತ್ತದೆ. "ಅದಽ ನಾಚಿಕಿಗೆ ತಡಾ ಮಾಡಿ ಬರ್ತಾರ. ಅಷ್ಟರಾಗ ಕಿಡ್ನಿ ಹೋಗಿರ್ತದ. ನನಗ ಶಾಲು ಬ್ಯಾಡ್ರಿ, ಅವ್ರು ಹೊರಗ ಬಂದ್ರ ಸಾಕು."

ಮೈಸೂರು ಕಡೆಯ ಬಸ್ ಚಾಲಕ ನಟರಾಜ ಹಾಗೆ ತಡವಾಗಿ ಬಂದವರು. ನೋವು ನುಂಗಿ ನುಂಗಿ ಒಂದು ಕಿಡ್ನಿ ಕೆಟ್ಟೇಹೋಗಿದೆ, ಉಳಿದೊಂದರಲ್ಲೂ ಕಲ್ಲು. ಇವತ್ತು ಅವರ ಆಪರೇಷನ್. ಅವರ ಸ್ಕ್ಯಾನಿನಲ್ಲಿ ಕಲ್ಲು ಯಾವ ಮೂಲೆಯಲ್ಲಿ ಕಂಡಿದೆಯೋ ಅದೇ ಮೂಲೆಯಲ್ಲಿ ಡಬ್ಬಿಯ ಕಲ್ಲೂ ಕೂತಿದೆ. ಚಹಾ ಆರುವ ಹೊತ್ತಿಗೆ ಅದು ಸಿಗುತ್ತದೆ.

ಮರುದಿನ ವಾರ್ಡಿನಲ್ಲಿ ನಟರಾಜ ಪಿಸುಗುಡುತ್ತಾರೆ: "ಮೇಡಂ, ಡಿಪೋದಲ್ಲಿ ಬೆನ್ನುನೋವು ಅಂತ ಹೇಳಿದ್ದೀನಿ." ಮೆಹ್ನಾಜ್ ಮಂಚಕ್ಕೆ ತೂಗುಹಾಕಿದ ಮೂತ್ರದ ಚೀಲದತ್ತ ಬಾಗುತ್ತಾರೆ. ನಿನ್ನೆಯ ಕೆಂಪು ಇಲ್ಲ, ತಿಳಿಯಾಗಿದೆ. "ಉಳೀತ್ರಿ ನಿಮ್ಮ ಕಿಡ್ನಿ," ಎನ್ನುವಾಗ ಮೆಹ್ನಾಜ್ ಅವರ ಮುಖ ನೋಡಬೇಕು!

ಒಂದು ತಿಂಗಳಾಗಿದೆ. ಶನಿವಾರ ಸ್ಯಾಂಡ್ರಿಂಗಮ್ಮಿನ ಅಂಗಡಿಯಲ್ಲಿ ಮೆಹ್ನಾಜ್ ಬದನೆಕಾಯಿ ಆರಿಸುತ್ತಿದ್ದಾರೆ, ನಾನು ಬುಟ್ಟಿ ಹಿಡಿದಿದ್ದೇನೆ. ಆ ತುದಿಯಿಂದ ನಟರಾಜರ ಗಂಟಲು: "ಡಾಕ್ಟ್ರಮ್ಮಾ!" ಅಂಗಡಿಯೇ ತಿರುಗಿ ನೋಡುತ್ತದೆ. "ನನ್ ಕಿಡ್ನಿ ಉಳ್ಸಿದ್ದು ಇವ್ರೇ ಕಣ್ರಯ್ಯಾ! ಲೋ ಪದ್ಮನಾಭ, ನಿಂಗೂ ಕಲ್ಲಿನ ನೋವು ಅಂತಿದ್ಯಲ್ಲ, ಎಲ್ಲೋ ಹೋದೆ? ಇಲ್ಲೇ ಇದ್ಯಲ್ಲೋ!"

ಸೋನಾ ಮಸೂರಿ ಚೀಲಗಳ ಹಿಂದಿನಿಂದ ಒಂದು ಬೋಳುತಲೆ ಮೆಲ್ಲಗೆ ಮೇಲೇಳುತ್ತದೆ.

"ಬರ್ರಿ ಅಣ್ಣಾರ, ಬರ್ರಿ," ಎಂದು ಮೆಹ್ನಾಜ್ ಬದನೆಕಾಯಿ ಕೆಳಗಿಡುತ್ತಾರೆ. "ನೀವು ಟೈಮಿಗೆ ಬಂದೀರಿ."