ಅಡಿಟಿಪ್ಪಣಿಯಲ್ಲಿ ಅತ್ತೆ

ಈಚೆಗೆ ನಾನು ವಿದ್ಯಾರ್ಥಿಗಳ ಸಂಪ್ರಬಂಧಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುವುದಿಲ್ಲ. ಯಾರಾದರೂ ಕೇಳಿದರೆ, ಹಸಿರು ಬಣ್ಣ ಕಣ್ಣಿಗೆ ತಂಪು ಎನ್ನುತ್ತೇನೆ. ಅದು ಸುಳ್ಳು. ಕೆಂಪು ಪೆನ್ನು ಹಿಡಿದರೆ ನಾಚಿಕೆಯಾಗುತ್ತದೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ?

ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಎಂ.ಎ. ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಆಕರಗಳ ವಿಷಯಕ್ಕೆ ಬಂದರೆ ನನ್ನ ಕಾಟ ತಡೆಯುವುದು ಕಷ್ಟ. ಯಾರ ಮಾತು, ಯಾವ ಪುಸ್ತಕ, ಎಷ್ಟನೆಯ ಪುಟ, ಎಲ್ಲವೂ ಅಡಿಟಿಪ್ಪಣಿಯಲ್ಲಿ ಇರಲೇಬೇಕು. ಮನೆಯಲ್ಲೂ ಇದೇ ಚಾಳಿ. ಸಹಕಾರನಗರದ ನಮ್ಮ ಬೀದಿಗೆ ನಾಳೆ ನೀರು ಬರುವುದಿಲ್ಲ ಎಂದು ಯಜಮಾನರು ಹೇಳಿದರೆ, ‘ಯಾರು ಹೇಳಿದ್ದು?’ ಎನ್ನುತ್ತೇನೆ. ಪಾಪ, ಅವರೀಗ ‘ಮೂಲೆ ಮನೆ ಇಸ್ತ್ರಿಯವರು, ಬೆಳಿಗ್ಗೆ ಎಂಟಕ್ಕೆ’ ಎಂದು ಆಕರಸಮೇತವೇ ವರದಿ ಒಪ್ಪಿಸುತ್ತಾರೆ.

ಹೋದ ಸೆಮಿಸ್ಟರಿನಲ್ಲಿ ಪವಿತ್ರಾ ಎಂಬ ಹುಡುಗಿ ಕೆರೆಯ ಆಚರಣೆಗಳ ಮೇಲೆ ಸಂಪ್ರಬಂಧ ಬರೆದಳು. ಚಿಕ್ಕಬಾಣಾವರದ ಕಡೆಯವಳು. ಕೆರೆ ಕೋಡಿ ಬಿದ್ದ ದಿನ ಊರಿನ ಹೊಸ ಸೊಸೆಯೇ ಮೊದಲು ತಂಬಿಟ್ಟಿನ ಆರತಿ ಎತ್ತಬೇಕಿತ್ತು ಎಂದು ಬರೆದು, ಕೆಳಗೆ ‘ಪಕ್ಕದ ಮನೆಯ ಮುನಿಯಮ್ಮಜ್ಜಿ ಹೇಳಿದ್ದು’ ಎಂದು ಹಾಕಿದ್ದಳು. ನಾನು ಅದನ್ನು ಹೊಡೆದು, ‘ಪಕ್ಕದ ಮನೆಯ ಅಜ್ಜಿ ಆಕರವಲ್ಲ. ಪ್ರಕಟಿತ ಲೇಖನ ನೋಡಿ’ ಎಂದು ಕೆಂಪಗೆ ಬರೆದೆ. ಯಾವ ಲೇಖನ ಎಂದು ಕೇಳಬೇಡಿ. ನನಗೆ ತಿಳಿದಂತೆ ಆ ವಿಷಯದ ಮೇಲೆ ಪ್ರಕಟವಾಗಿರುವುದು ಒಂದೇ ಲೇಖನ. ಬರೆದವಳು ನಾನೇ.

ಎರಡು ದಿನ ಬಿಟ್ಟು ಪವಿತ್ರಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ‘ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ ಲೇಖನದ್ದು ಒಂದ್ ಪ್ಯಾರಾ ಅಜ್ಜಿಗೆ ಓದಿ ಹೇಳ್ದೆ. ಕನ್ನಡಕದ ಹುಡ್ಗಿ ಒಬ್ಳು ಬಂದಿದ್ಲು, ಅವ್ಳಿಗೆ ಇದ್ನೆಲ್ಲಾ ನಾನೇ ಹೇಳಿದ್ದು ಅಂದ್ರು. ಹಂಗಾದ್ರೆ ಯಾರ ಹೆಸ್ರು ಹಾಕ್ಲಿ ಮೇಡಂ?’

ದನಿಯಲ್ಲಿ ಒಂದಿಷ್ಟು ವ್ಯಂಗ್ಯವಿದ್ದಿದ್ದರೆ ರೇಗಿ ಬಚಾವಾಗುತ್ತಿದ್ದೆ. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ನನ್ನ ಕಿವಿಯವರೆಗೂ ಬಿಸಿಯಾಯಿತು. ಇಪ್ಪತ್ತು ವರ್ಷದ ಹಿಂದೆ ಆ ಅಜ್ಜಿಯ ಮನೆಯ ಜಗಲಿಯ ಮೇಲೆ ಮೂರು ಮಧ್ಯಾಹ್ನ ಕೂತು, ಅವರು ಕೊಟ್ಟ ಮಜ್ಜಿಗೆ ಕುಡಿದು, ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದಿದ್ದೆ. ಲೇಖನದಲ್ಲಿ ಅವರು ‘ಸ್ಥಳೀಯರು’ ಆಗಿದ್ದಾರೆ. ಅದೇ ಲೇಖನದ ಕೊನೆಗೆ ನಾನು ತೆರೆದೂ ನೋಡದ ಹನ್ನೊಂದು ಪುಸ್ತಕಗಳ ಹೆಸರುಗಳಿವೆ, ಪ್ರಕಾಶಕರ ಊರಿನ ಸಮೇತ.

ಆ ಸಂಜೆ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಅಜ್ಜಿಯ ಹೆಸರನ್ನು ಅಲ್ಲಾದರೂ ಬರೆದುಕೊಂಡಿರಬಹುದು ಎಂಬ ಆಸೆ. ಇರಲಿಲ್ಲ. ಇದ್ದದ್ದು ಪುಟಪುಟಕ್ಕೂ ಒಂದೇ ಮಾತು: ‘ನಮ್ಮತ್ತೆ ಇಂಗೆ ಏಳೋರು ಕಣವ್ವ.’ ಅಜ್ಜಿ ಒಂದು ಸಂಗತಿಯನ್ನೂ ತನ್ನದೆಂದು ಹೇಳಿಕೊಂಡಿರಲಿಲ್ಲ. ಪ್ರತಿಯೊಂದಕ್ಕೂ ಅತ್ತೆಯನ್ನು ಮುಂದಿಟ್ಟಿದ್ದರು. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಶಿಸ್ತಿನವರನ್ನು ನಾನು ಕಂಡಿಲ್ಲ. ಆ ಮಾತು ಬಂದಲ್ಲೆಲ್ಲ ನಾನು ಕೆಂಪು ಪೆನ್ನಿನಿಂದ ಗೀಟು ಎಳೆದು, ಪಕ್ಕದಲ್ಲಿ ‘ಪುನರುಕ್ತಿ’ ಎಂದು ಬರೆದುಕೊಂಡಿದ್ದೆ.

ಭಾನುವಾರ ಪವಿತ್ರಾಳ ಜೊತೆ ಹೋದೆ. ಜಗಲಿ ಇದ್ದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಅಜ್ಜಿ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ‘ಅಜ್ಜಿ, ನಿಮ್ಮ ಹೆಸ್ರು ಹಾಕ್ಬೇಕಿತ್ತು, ಹಾಕ್ಲಿಲ್ಲ. ತಪ್ಪಾಯ್ತು’ ಎಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತು ಅದು.

‘ನನ್ನೆಸ್ರು ಯಾಕವ್ವ? ಏಳಿದ್ದು ನಮ್ಮತ್ತೆ ಅಕ್ಕಯಮ್ಮ. ಅವ್ರೆಸ್ರು ಆಕಿದ್ದೀಯ ತಾನೆ? ಬುಕ್ಕಲ್ಲಿ ನಮ್ಮತ್ತೆ ಅವ್ರೆ ಅಂತ ಊರಿಗೆಲ್ಲಾ ಏಳಿವ್ನಿ.’

ತಲೆ ಎತ್ತಲಾಗಲಿಲ್ಲ. ಇಪ್ಪತ್ತು ವರ್ಷ ಆ ನಂಬಿಕೆಯಲ್ಲೇ ಇದ್ದರಲ್ಲ! ನನ್ನ ಲೇಖನ ಬಂದ ಪತ್ರಿಕೆ ಎಂದೋ ನಿಂತುಹೋಗಿದೆ; ತಿದ್ದುಪಡಿ ಕಳಿಸೋಣವೆಂದರೆ ವಿಳಾಸವೂ ಇಲ್ಲ. ಉಳಿದದ್ದು ಪವಿತ್ರಾಳ ಸಂಪ್ರಬಂಧವೊಂದೇ. ಅಕ್ಕಯಮ್ಮ ಹೇಳಿದ್ದು, ಸೊಸೆ ಮುನಿಯಮ್ಮ ನೆನಪಿಟ್ಟದ್ದು ಎಂದು ಅಡಿಟಿಪ್ಪಣಿ ಬರೆಸಿದೆ. ನನ್ನ ಲೇಖನವನ್ನು ಎಲ್ಲಿ ಹಾಕಲಿ ಎಂದು ಹುಡುಗಿ ಕೇಳಿದಳು. ಕೊನೆಯಲ್ಲಿ ಹಾಕು, ಅದೂ ಜಾಗವಿದ್ದರೆ ಎಂದೆ.

ಮುಂದಿನ ವಾರ ಆ ಪುಟವನ್ನು ಅಜ್ಜಿಗೆ ತೋರಿಸಿದೆವು. ಅಜ್ಜಿಗೆ ಓದು ಬಾರದು. ಪವಿತ್ರಾ ಅವರ ಬೆರಳು ಹಿಡಿದು ಪುಟದ ತಳದಲ್ಲಿದ್ದ ಅಕ್ಕಯಮ್ಮನವರ ಹೆಸರಿನ ಮೇಲೆ ಇಟ್ಟಳು. ಅಜ್ಜಿ ಬಗ್ಗಿ ನೋಡಿದರು. ಮುಖ ಸಪ್ಪಗಾಯಿತು.

‘ಇಷ್ಟು ಸಣ್ಣಕ್ಕಾ?’ ಎಂದರು. ‘ನಮ್ಮತ್ತೆ ದೊಡ್ಡಾಳು ಕಣವ್ವ.’

ಅಡಿಟಿಪ್ಪಣಿಯನ್ನು ಸಣ್ಣ ಅಕ್ಷರದಲ್ಲೇ ಹಾಕಬೇಕು ಎಂದು ಯಾರು ಹೇಳಿದ್ದು? ಇಷ್ಟು ವರ್ಷ ಪಾಠ ಮಾಡಿದ್ದೇನೆ; ಆಕರ ನನಗೂ ಗೊತ್ತಿಲ್ಲ. ಅಕ್ಕಯಮ್ಮನವರನ್ನು ಪುಟದ ಮೇಲಕ್ಕೆ ತಂದು ದಪ್ಪ ಅಕ್ಷರದಲ್ಲಿ ಕೂರಿಸು ಎಂದು ಪವಿತ್ರಾಳಿಗೆ ಹೇಳಿ, ಅಂಚಿನಲ್ಲಿ ಹಸಿರು ಪೆನ್ನಿನಿಂದ ಸರಿ ಗುರುತು ಹಾಕಿದೆ.