ಅವ್ವನಿಗೊಂದು ಕುರ್ಚಿ

ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ, ನಮ್ಮ ಓಣಿಯ ಕೊನೆಗೆ ಒಂದು ಸತ್ಸಂಗ ಮಂದಿರವಿದೆ. ಅಲ್ಲಿನವರು ನೇಮದಲ್ಲಿ ಬಹಳ ಕಟ್ಟುನಿಟ್ಟು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಬಿಳಿ ಬಟ್ಟೆಯುಡದೆ ಒಳಗೆ ಕಾಲಿಡುವುದಿಲ್ಲ. ಅವ್ವ ಮೊದಲಿನಿಂದಲೂ ಅವರಲ್ಲೊಬ್ಬಳು. ಪ್ರತಿ ಸೋಮವಾರದ ಭಜನೆಗೆ ಎಲ್ಲರಿಗಿಂತ ಮೊದಲು ಹೋಗಿ ಕಸ ಹೊಡೆದು ಜಮಖಾನೆ ಹಾಸುತ್ತಿದ್ದಳು.

ಹೋದ ವರ್ಷ ಅವಳ ಮೊಣಕಾಲು ಮಡಚಲು ಬಾರದಂತಾಯಿತು. ಮಂದಿರದ ಹಿರಿಯರನ್ನು ನಾನೇ ಕೇಳಿದೆ: "ಹಿಂದ ಗ್ವಾಡಿ ಹತ್ರ ಒಂದು ಕುರ್ಚಿ ಇಟ್ಟರ ಆಗ್ತದೇನ್ರಿ?"

"ಗುರುಗಳ ಮುಂದ ಎಲ್ಲಾರೂ ನೆಲಕ್ಕ ಕುಂದ್ರಬೇಕ್ರಿ," ಎಂದರು ಅವರು ಮೆತ್ತಗೆ. "ಅವರ ಕಾಲಿನ ಸಲುವಾಗಿ ಪ್ರಾರ್ಥನಾ ಮಾಡ್ತೇವಿ."

ಮುಂದಿನ ಸೋಮವಾರ ಅವ್ವ ಹೊರಗೆ ಕಿಟಕಿಯ ಸರಳು ಹಿಡಿದು ನಿಂತೇ ಭಜನೆ ಕೇಳಿದಳು. ಮುಗಿದ ಮೇಲೆ ಹೆಂಗಸರೆಲ್ಲ ಅವಳಿಗೆ ಕೈಮುಗಿದು, "ಆರಾಮ ಆಗ್ತದ್ರಿ" ಎನ್ನುತ್ತ ಮುಂದೆ ನಡೆದರು. ಕೈ ಹಿಡಿದು ಮನೆಯವರೆಗೆ ಕರೆತರಲು ಯಾರೂ ನಿಲ್ಲಲಿಲ್ಲ. ಅವಳು ಗೋಡೆ ಹಿಡಿದು ಒಬ್ಬಳೇ ಬರುವುದನ್ನು ಬಾಗಿಲಿಂದ ಕಂಡು ನಾನು ಓಡಿಹೋದೆ.

"ಇನ್ನ ಅಲ್ಲಿಗಿ ಹೋಗಬ್ಯಾಡವ್ವಾ," ಎಂದೆ.

"ಬರಬ್ಯಾಡ ಅಂತ ಅವರೇನ್ ಅಂದಿಲ್ಲಲ್ಲ," ಎಂದಳು.

ಆದರೂ ಅವಳು ಮತ್ತೆ ಹೋಗಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಕೇಳಲು ಅವರಲ್ಲೊಬ್ಬರೂ ಈವರೆಗೆ ನಮ್ಮ ಮನೆಗೆ ಬಂದಿಲ್ಲ.