ಗೊತ್ತಿಲ್ಲದವರಿಗೆ ಹೇಳಿದ ಕಥೆ

ಬೆಳಿಗ್ಗೆ ಏಳೂವರೆಗೆ ಎರ್ಮೆಲಿಂದಾ ಶಾಲೆಯ ಹಿಂಬಾಗಿಲಿನಿಂದ ಒಳಗೆ ಬರುತ್ತಾಳೆ. ಕೋಟು ಬಿಚ್ಚುವ ಮೊದಲೇ ಪುಸ್ತಕದ ಕೋಣೆಯ ಮೂಲೆಗೆ ಹೋಗಿ ಎರಡು ಪುಟ್ಟ ಕುರ್ಚಿಗಳನ್ನು ಕಿಟಕಿಗೆ ಮುಖ ಮಾಡಿ ಪಕ್ಕಪಕ್ಕ ಇಡುತ್ತಾಳೆ. ಸಂಜೆ ಕಸ ಗುಡಿಸುವವರು ಅವನ್ನು ಮೇಜಿನ ಎರಡು ಬದಿಗೆ ಎದುರುಬದುರು ಇಟ್ಟು ಹೋಗಿರುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವರು ಎಳೆಯುವುದು, ಇವಳು ತಿರುಗಿಸುವುದು. ಗಂಡನನ್ನು ಮಣ್ಣು ಮಾಡಿದ ಮರುದಿನವೂ ಬಂದು ಕುರ್ಚಿ ಇಟ್ಟು, ಶಿಲುಬೆಯ ಗುರುತು ಹಾಕಿಕೊಂಡು, ಆಮೇಲೆ ಮನೆಗೆ ಹೋಗಿ ಮಲಗಿದಳು.

ಅದೇ ಶಾಲೆಯ ಅಡುಗೆಮನೆಯಲ್ಲಿ ನಾನಿದ್ದೇನೆ. ನನ್ನ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡವಳು ಎರ್ಮೆಲಿಂದಾ. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಅಕ್ಕತಂಗಿಯರಿಗಿಂತ ಒಂದು ತೂಕ ಹೆಚ್ಚಿನ ಸಂಬಂಧ ಅದು.

ಅವಳ ಕೆಲಸದ ಹೆಸರು ಸಹಾಯಕಿ; ಮಕ್ಕಳ ಬಾಯಲ್ಲಿ ದೋನ್ಯಾ ಎರ್ಮೆ, ಎಂದರೆ ಎರ್ಮೆಯಮ್ಮ. ಕಾಗದ ಕತ್ತರಿಸುವುದು, ಮೂಗು ಒರೆಸುವುದು, ಮಕ್ಕಳು ಓದುವುದನ್ನು ಕೇಳಿಸಿಕೊಳ್ಳುವುದು. ಕ್ಯಾಲಿಫೋರ್ನಿಯಾದ ನಮ್ಮ ಕಣಿವೆಯಲ್ಲಿ ಬಾದಾಮಿ ತೋಟ, ದ್ರಾಕ್ಷಿ ತೋಟಗಳಲ್ಲಿ ದುಡಿಯುವವರ ಮಕ್ಕಳು ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ಎರಡರಲ್ಲೂ ಓದು ಹತ್ತದ ಮಕ್ಕಳನ್ನು ಎರ್ಮೆಲಿಂದಾಳ ಮೂಲೆಗೆ ಕಳಿಸುತ್ತಾರೆ. ಅವಳು ಪಕ್ಕದಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಾಳೆ, ಮಗು ಪುಸ್ತಕ ನೋಡುತ್ತದೆ. ಅವಳು ತಿದ್ದುವುದು ಅಪರೂಪ.

ಅವಳೇ ಅಕ್ಷರ ಕಲಿತದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಇಗರ್ಜಿಯ ನೆಲಮಾಳಿಗೆಯಲ್ಲಿ, ಸ್ತುತಿಗೀತೆಯ ಪುಸ್ತಕದಿಂದ. ಗಡಿಯಾಚೆ ಮಿಚೊವಾಕಾನಿನ ಅವಳ ಹಳ್ಳಿಯಲ್ಲಿ, ಏಳು ವರ್ಷದವಳಿದ್ದಾಗ, ಮೇಷ್ಟರು ಹಲಗೆಯ ಮೇಲೆ ಅಕ್ಷರ ಬರೆದು ಇದೇನೆಂದು ಕೇಳಿದರಂತೆ. ಇವಳು ಬಾಯಿ ಬಿಡಲಿಲ್ಲ. ಮೂರು ದಿನ ಹಾಗೇ ಆಯಿತು. ನಾಲ್ಕನೇ ದಿನ ಮೂಗಿ ಎಂದು ಮನೆಗೆ ಕಳಿಸಿದರು. ಯಾಕೆ ಹೇಳಲಿಲ್ಲ ಎಂದು ನಾನು ಹಿಂದೊಮ್ಮೆ ಕೇಳಿದ್ದೆ. "ಬರೆದೋರು ಅವರೇ ಕೊಮಾದ್ರೆ. ಅವರಿಗೆ ಗೊತ್ತಿಲ್ವಾ?" ಎಂದಿದ್ದಳು. ಆಗ ನಾನು ನಕ್ಕುಬಿಟ್ಟಿದ್ದೆ.

ಕಳೆದ ಚಳಿಗಾಲದಲ್ಲಿ ವಿಶ್ವವಿದ್ಯಾಲಯದಿಂದ ಡಾಕ್ಟರ್ ಮರಿಸೋಲ್ ಒಂಟಿವೆರೋಸ್ ಬಂದರು. ಎರಡು ಭಾಷೆಯ ಮಕ್ಕಳು ಓದಿದ್ದನ್ನು ಎಷ್ಟು ಗ್ರಹಿಸುತ್ತಾರೆ ಎಂಬುದು ಅವರ ಸಂಶೋಧನೆ. ಡಾಕ್ಟರಮ್ಮ ಎಂದು ಕೇಳಿ ಮೊದಲ ದಿನ ಮಕ್ಕಳು ಸಾಲಾಗಿ ನಿಂತು ನಾಲಿಗೆ ಚಾಚಿದವು. ಅವರೂ ನಮ್ಮವರೇ, ಎರಡು ಊರಾಚೆ ಟೊಮೇಟೊ ಬಿಡಿಸಿದವರ ಮೊಮ್ಮಗಳು. ಸ್ಪ್ಯಾನಿಷ್ ಮಾತ್ರ ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ಆಡುತ್ತಿದ್ದರು. ಕೆಟ್ಟವರಲ್ಲ. ಮೇಜಿನ ಆಚೆ ಅವರು, ಈಚೆ ಮಗು, ನಡುವೆ ದನಿ ಹಿಡಿಯುವ ಯಂತ್ರ. ಮಗು ಒಂದು ಕಥೆ ಗಟ್ಟಿಯಾಗಿ ಓದಬೇಕು. ಓದಿ ಮುಗಿದ ಮೇಲೆ "ಕಥೆಯಲ್ಲಿ ಏನಾಯಿತು ಹೇಳು" ಎನ್ನುವರು. ಯಾವ ಭಾಷೆಯಲ್ಲಾದರೂ ಹೇಳಬಹುದು. ಹೇಳಿದ್ದಕ್ಕೆ ಅಂಕ.

ಯಾರೆಟ್ಸಿ ಎಂಬ ಎಂಟು ವರ್ಷದ ಹುಡುಗಿಗೆ ಇಂಗ್ಲಿಷಿನಲ್ಲಿ ಸೊನ್ನೆ, ಸ್ಪ್ಯಾನಿಷಿನಲ್ಲೂ ಸೊನ್ನೆ ಬಂತು. ಓದಿದಳು, ಆದರೆ ಕೇಳಿದಾಗ ತಲೆ ತಗ್ಗಿಸಿ ಕೂತಳು. ಶಾಲೆಯವರು ಆ ಅಂಕಗಳನ್ನು ಅವಳ ಕಡತದಲ್ಲಿ ಸೇರಿಸಿದರು. ಗುರುವಾರ ಸಭೆ. ಕಾಲುವೆಯಾಚೆಯ ಶಾಲೆಯಲ್ಲಿ ಬುದ್ಧಿ ನಿಧಾನವಿರುವ ಮಕ್ಕಳಿಗೆ ಬೇರೆ ಕೋಣೆಯಿದೆ, ಅಲ್ಲಿಗೆ ಕಳಿಸುವುದು ಎಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಅಲ್ಲಿಗೆ ಹೋದ ಮಗು ತಿರುಗಿ ಬಂದದ್ದನ್ನು ನಾನಂತೂ ನೋಡಿಲ್ಲ. ತಾಯಿ ಒಫೆಲಿಯಾ ಹಣ್ಣು ತುಂಬುವ ಕಾರ್ಖಾನೆಯ ಕೆಲಸದವಳು. "ಶಾಲೆಯೋರು ಹೇಳಿದ್ಮೇಲೆ ಮುಗೀತು ಸಿನ್ಯೋರಾ, ಸಹಿ ಹಾಕ್ತೀನಿ" ಎಂದು ಪುಸ್ತಕದ ಕೋಣೆಯ ಬಾಗಿಲಲ್ಲಿ ನಿಂತು ಎರ್ಮೆಲಿಂದಾಳ ಮುಂದೆ ಅತ್ತಳಂತೆ.

ಸೋಮವಾರ ಮಧ್ಯಾಹ್ನ ಈ ಸುದ್ದಿಯನ್ನು ಎರ್ಮೆಲಿಂದಾ ನನಗೆ ಹೇಳಿದಾಗ ನನ್ನ ಕೈಯ ಸೌಟು ನಿಂತಿತು.

"ಯಾವ ಯಾರೆಟ್ಸಿ? ಎರಡು ಜಡೆಯೋಳಾ? ಅವಳು ಮೂಗೀನಾ?" ಎಂದೆ. "ದಿನಾ ಕಾಳು ಹಾಕಿಸ್ಕೊಳ್ಳೋಕೆ ಬಂದು ನನ್ನ ತಲೆ ತಿಂತಾಳೆ. ಕಾಲುವೆ ದಾಟಿದ ಕೋಳಿ, ಮಳೆ ಮಾರೋ ಮುದುಕ, ಎಲ್ಲಾ ಕಥೇನೂ ಹೇಳಿ ಆಗಿದೆ. ಹಿಂದೆ ಸಾಲು ನಿಂತು ಬಯ್ಯುತ್ತೆ, ಇವಳು ಜಗ್ಗಲ್ಲ."

"ನಿನಗೆ ಹೇಳ್ತಾಳಾ?"

"ಹೂಂ. ನಾನು ಓದಿಲ್ವಲ್ಲ ಆ ಪುಸ್ತಕಾನ."

ಎರ್ಮೆಲಿಂದಾ ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಉಪವಾಸದ ದಿನಗಳು ಇನ್ನೂ ಶುರುವಾಗಿರಲಿಲ್ಲ, ಆದರೂ ಅವಳು ಅಂದು ಉಣ್ಣಲಿಲ್ಲ.

ಆ ಮಧ್ಯಾಹ್ನ ಕಿಟಕಿಯ ಬಳಿ ಪಕ್ಕಪಕ್ಕ ಕೂತು ಹುಡುಗಿಯನ್ನು ಕೇಳಿದಳಂತೆ. "ಡಾಕ್ಟರಮ್ಮ ಕೇಳ್ದಾಗ ಯಾಕೆ ಮಗಳೇ ಸುಮ್ನಿದ್ದೆ?"

"ನಾನು ಓದೋವಾಗ ಅವರು ಅಲ್ಲೇ ಇದ್ರಲ್ಲ ದೋನ್ಯಾ ಎರ್ಮೆ. ಎಲ್ಲಾ ಕೇಳಿಸ್ಕೊಂಡ್ರು. ಗೊತ್ತಿರೋದನ್ನ ದೊಡ್ಡೋರಿಗೆ ತಿರುಗಿ ಹೇಳಿದ್ರೆ ಅಮ್ಮ ಬಯ್ತಾಳೆ. ಅಜ್ಜಿ ಆದ್ರೆ ಕಿವೀನೇ ಹಿಂಡ್ತಾಳೆ."

ನಮ್ಮ ಮನೆಗಳಲ್ಲಿ ಅದು ಹಾಗೆಯೇ. ಹಿರಿಯರಿಗೆ ಪಾಠ ಒಪ್ಪಿಸುವ ಮಗು ಅಧಿಕಪ್ರಸಂಗಿ ಎನಿಸಿಕೊಳ್ಳುತ್ತದೆ. ನಾವೇ ಕಲಿಸಿದ ಮರ್ಯಾದೆ. ಅದಕ್ಕೆ ಶಾಲೆಯಲ್ಲಿ ಸೊನ್ನೆ ಬೀಳುತ್ತದೆಂದು ನಮಗಾರಿಗೂ ಹೊಳೆದಿರಲಿಲ್ಲ.

ಆ ಬುಧವಾರವೇ ನಲವತ್ತು ದಿನದ ಉಪವಾಸ ಶುರುವಾಗುವ ವಿಭೂತಿ ಬುಧವಾರ. ನಸುಕಿನ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡೇ ಇಬ್ಬರೂ ಮಂಜಿನಲ್ಲಿ ನಡೆದು ಶಾಲೆಗೆ ಬಂದೆವು. ಎರ್ಮೆಲಿಂದಾ ಕುರ್ಚಿಗಳನ್ನು ತಿರುಗಿಸಿದಳು. ಡಾಕ್ಟರಮ್ಮ ಬಂದೊಡನೆ ಅವರ ಎದುರು ಹೋಗಿ ನಿಂತಳು. ಇಪ್ಪತ್ತೆರಡು ವರ್ಷಗಳಲ್ಲಿ ಓದಿದವರ ಎದುರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಯಾರೆಟ್ಸೀನ ಇನ್ನೊಂದ್ಸಲ ಓದಿಸಿ ಡಾಕ್ಟರಮ್ಮ. ಹೊಸಾ ಕಥೆ ಕೊಡಿ."

"ಅದೇ ಮಗೂನ ಮತ್ತೆ ಪರೀಕ್ಷೆ ಮಾಡೋ ಹಾಗಿಲ್ಲ ದೋನ್ಯಾ ಎರ್ಮೆಲಿಂದಾ. ನಿಯಮ ಇದೆ."

"ಪರೀಕ್ಷೆ ಬೇಡ. ಬರೀ ಓದ್ಲಿ. ನೀವು ಒಳಗಿರಬೇಡಿ, ನಾನೂ ಇರಲ್ಲ. ನಿಮ್ಮ ಯಂತ್ರ ಇರ್ಲಿ. ಅದೇನು ದೊಡ್ಡೋರಲ್ಲ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಆದರೂ ಒಪ್ಪಿದರು. ಹುಡುಗಿಯನ್ನು ಒಳಗೆ ಕೂರಿಸಿ ಬಾಗಿಲು ಎಳೆದುಕೊಂಡು ಇಬ್ಬರೂ ನನ್ನ ಅಡುಗೆಮನೆಗೆ ಬಂದರು. ಡಾಕ್ಟರಮ್ಮ ಎರ್ಮೆಲಿಂದಾಳ ಹಣೆಯ ಬೂದಿ ನೋಡಿ, "ನಮ್ಮಜ್ಜಿ ನನ್ನನ್ನೂ ಕರ್ಕೊಂಡು ಹೋಗ್ತಿದ್ರು" ಎಂದರು. ನಾನು ದಾಲ್ಚಿನ್ನಿ ಹಾಕಿದ ಕಾಫಿ ಕೊಟ್ಟೆ. ಅವರು ಗಡಿಯಾರ ನೋಡುತ್ತಾ ಕುಡಿದರು. ನಾನು ಅಕ್ಕಿ ಆರಿಸುತ್ತಾ ಮನಸ್ಸಿನಲ್ಲೇ ದೇವಮಾತೆಗೆ ಒಂದು ಜಪ ಹೇಳಿದೆ.

ಹನ್ನೆರಡು ನಿಮಿಷ ಕಳೆದ ಮೇಲೆ ಮೂವರೂ ಹೋದೆವು. ಎರ್ಮೆಲಿಂದಾ ಡಾಕ್ಟರಮ್ಮನನ್ನು ಕಿಟಕಿಯ ಕುರ್ಚಿಯಲ್ಲಿ ಕೂರಿಸಿದಳು. ಅಷ್ಟು ಚಿಕ್ಕ ಕುರ್ಚಿಯಲ್ಲಿ ಅವರ ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು.

"ಯಾರೆಟ್ಸಿ, ಡಾಕ್ಟರಮ್ಮ ಅಡುಗೆಮನೇಲಿ ಕಾಫಿ ಕುಡೀತಿದ್ರು. ಅವರಿಗೆ ಒಂದಕ್ಷರಾನೂ ಕೇಳಿಸಿಲ್ಲ."

ಹುಡುಗಿ ಅನುಮಾನದಿಂದ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

"ಒಂದಕ್ಷರಾನೂ?"

"ಒಂದೂ ಇಲ್ಲ" ಎಂದರು ಡಾಕ್ಟರಮ್ಮ.

"ಹಾಗಾದ್ರೆ ಕೇಳಿ" ಎಂದು ಹುಡುಗಿ ಜಡೆಯನ್ನು ಹಿಂದಕ್ಕೆ ಎಸೆದಳು. ಇಂಗ್ಲಿಷಿನಲ್ಲಿ ಓದಿದ ಕಥೆಯನ್ನು ಸ್ಪ್ಯಾನಿಷಿನಲ್ಲಿ ಹೇಳಿದಳು. ಒಬ್ಬ ದೀಪಸ್ತಂಭದ ಕಾವಲುಗಾರ, ಅವನ ಕುಂಟು ನಾಯಿ, ಬಿರುಗಾಳಿಯಲ್ಲಿ ಆರಿದ ದೀಪ. ಹಡಗಿಗೆ ದಾರಿ ತಿಳಿಯಲೆಂದು ನಾಯಿ ಬೆಳಗಿನವರೆಗೆ ಬೊಗಳಿದ್ದು. ಡಾಕ್ಟರಮ್ಮ ನಡುವೆ "ಆಮೇಲೆ?" ಎನ್ನುತ್ತಿದ್ದರು. ಅದು ಪರೀಕ್ಷೆ ಮಾಡುವವರ ದನಿಯಾಗಿರಲಿಲ್ಲ. ಕೊನೆಯಲ್ಲಿ ಹುಡುಗಿ ದನಿ ತಗ್ಗಿಸಿ, "ನಾಯಿಗೆ ಗಂಟಲು ಹೋಗಿರುತ್ತೆ. ಪುಸ್ತಕದಲ್ಲಿ ಬರೆದಿಲ್ಲ. ಆದ್ರೆ ಹೋಗಿರುತ್ತೆ ಅಲ್ವಾ, ಅಷ್ಟೊತ್ತು ಬೊಗಳಿದ್ರೆ?" ಎಂದಳು.

ಹುಡುಗಿ ತರಗತಿಗೆ ಓಡಿದ ಮೇಲೂ ಡಾಕ್ಟರಮ್ಮ ಆ ಪುಟ್ಟ ಕುರ್ಚಿಯಲ್ಲೇ ಕೂತಿದ್ದರು. "ಮೂವತ್ತೊಂದು ಮಕ್ಕಳು. ಅದರಲ್ಲಿ ಒಂಬತ್ತಕ್ಕೆ ಸೊನ್ನೆ" ಎಂದರು. "ನಾನು ಪ್ರತಿಯೊಂದು ಮಗು ಎದುರಿಗೂ ಕೂತಿದ್ದೆ."

ಗುರುವಾರದ ಸಭೆಗೆ ಅವರು ಹುಡುಗಿಯ ಕಥೆ ಹಿಡಿದಿದ್ದ ಆ ಯಂತ್ರ ತೆಗೆದುಕೊಂಡು ಹೋದರು. ಎರ್ಮೆಲಿಂದಾಳನ್ನೂ ಕರೆದುಕೊಂಡು ಹೋಗಿ ತಮ್ಮ ಪಕ್ಕದಲ್ಲಿ ಕೂರಿಸಿದರು. ಅಧ್ಯಯನದಲ್ಲಿ ತಪ್ಪಿದೆ, ಕೊಟ್ಟ ಅಂಕ ಹಿಂತೆಗೆದುಕೊಳ್ಳುತ್ತೇನೆ ಎಂದು ಎಲ್ಲರೆದುರು ಒಪ್ಪಿಕೊಂಡರಂತೆ. ಹಾಗೆ ಹೇಳಲು ಎಷ್ಟು ಓದಿದವರಿಗೂ ಕಷ್ಟ. ಒಫೆಲಿಯಾ ಸಹಿ ಹಾಕಬೇಕಾಗಲಿಲ್ಲ. ಯಾರೆಟ್ಸಿ ನಮ್ಮಲ್ಲೇ ಉಳಿದಳು. ಮರುದಿನ ನನಗೆ ಕುಂಟು ನಾಯಿಯ ಕಥೆ ಮತ್ತೆ ಹೇಳಲು ಬಂದು, ಅರ್ಧದಲ್ಲಿ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ನೀವೂ ಅಲ್ಲೇ ಇದ್ರಿ" ಎಂದು ಓಡಿಹೋದಳು.

ಕಥೆ ಅಲ್ಲಿಗೇ ಮುಗಿದಿದ್ದರೆ ನನ್ನ ಕೊಮಾದ್ರೆ ನಿದ್ದೆ ಮಾಡುತ್ತಿದ್ದಳು. ಆದರೆ ಶುಕ್ರವಾರ ಡಾಕ್ಟರಮ್ಮ ಸುಮ್ಮನೆ ಕೇಳಿಬಿಟ್ಟರು.

"ನಿಮಗೆ ಇದು ಯಾವಾಗಿಂದ ಗೊತ್ತು ದೋನ್ಯಾ ಎರ್ಮೆಲಿಂದಾ?"

"ಮೊದಲಿಂದ್ಲೂ. ಎದುರು ಕೂತ್ರೆ ಮಕ್ಕಳು ಹೇಳಲ್ಲ. ಪಕ್ಕದಲ್ಲಿ ಕೂತು ಆಚೆ ನೋಡ್ತಿದ್ರೆ, ನಾನು ಕೇಳಿಸ್ಕೊಳ್ತಿಲ್ಲ ಅಂದ್ಕೊಂಡು ಹೇಳ್ತವೆ."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

ಎರ್ಮೆಲಿಂದಾ ಏಪ್ರನ್ನಿನ ಅಂಚು ಮಡಿಸುತ್ತಾ ನಿಂತಳು. "ಅವರೆಲ್ಲ ಓದಿದೋರು. ಗೊತ್ತಿರುತ್ತೆ ಅಂದ್ಕೊಂಡೆ" ಎಂದಳು. "ಗ್ರಿಸೆಲ್ದಾ ಅಂತ ಒಬ್ಬಳಿದ್ದಳು. ಎರಡು ವರ್ಷ ಆಯ್ತು, ಕಾಲುವೆ ಆಚೆ ಕಳಿಸಿ. ಈ ಕುರ್ಚೀಲಿ ಕೂತು ಎಷ್ಟು ಚೆನ್ನಾಗಿ ಹೇಳ್ತಿದ್ದಳು. ಸಭೆ ದಿನ ನಾನು ಬಾಗಿಲ ಹೊರಗೇ ನಿಂತಿದ್ದೆ. ಒಳಗೆ ಹೋಗ್ಲಿಲ್ಲ" ಎಂದಳು.

ಡಾಕ್ಟರಮ್ಮನ ಕಣ್ಣು ತುಂಬಿತು. "ಅದು ನಿಮ್ಮ ತಪ್ಪಲ್ಲ" ಎಂದರು. "ಇವತ್ತೇ ಆ ಶಾಲೆಗೆ ಹೋಗ್ತೀನಿ. ಗ್ರಿಸೆಲ್ದಾ ತಾಯೀನೂ ನೋಡ್ತೀನಿ. ತಪ್ಪು ಎದುರು ಕೂತು ಕೇಳೋ ಪರೀಕ್ಷೇದು ಅಂತ ನಾನೇ ಹೇಳ್ತೀನಿ, ನಿಮ್ಮ ಹೆಸರು ಎತ್ತೋದೇ ಇಲ್ಲ. ಇಷ್ಟಾದ್ರೂ ನಿಮಗೋಸ್ಕರ ಮಾಡೋಕೆ ಬಿಡಿ."

ಎರ್ಮೆಲಿಂದಾ ಮೊಳೆಯಿಂದ ಕೋಟು ತೆಗೆದುಕೊಂಡಳು. ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕಿಟಕಿಯ ಆಚೆ ಮಂಜು ಇನ್ನೂ ಎದ್ದಿರಲಿಲ್ಲ, ಕಾಲುವೆ ಕಾಣುತ್ತಿರಲಿಲ್ಲ.

"ಶಾಲೆಯೋರಿಗೆ ನೀವು ಹೇಳಿ. ಆ ತಾಯಿಗೆ ಬೇಡ ಡಾಕ್ಟರಮ್ಮ" ಎಂದಳು. "ನಾನು ಬಾಗಿಲಲ್ಲಿ ನಿಂತಿದ್ದು ಆಕೆಗೆ ಗೊತ್ತಿಲ್ಲ. ಅದನ್ನ ನಾನೇ ಹೇಳ್ಬೇಕು."

"ಕಾರಲ್ಲಾದ್ರೂ ಬಿಡ್ತೀನಿ, ಈ ಮಂಜಲ್ಲಿ..."

"ಬೇಡ. ನಡೆದು ಹೋಗ್ತೀನಿ."